ಚಿಕ್ಕಬೋರಮ್ಮನ ಪಾಕಕ್ಕೆ ಎರಡು ಚೀಟಿ

ಬೆಳ್ಳೂರು ಕ್ರಾಸಿನಲ್ಲಿ ಇನ್ನೂ ಮಂಜು ಸರಿದಿಲ್ಲ. ಹೆದ್ದಾರಿಯ ಲಾರಿಗಳು ಕನಸಿನಲ್ಲಿ ಹಾದುಹೋದಂತೆ ಮಸುಕಾಗಿ ಬಂದು ಮಸುಕಾಗಿ ಹೋಗುತ್ತವೆ. ಹೋಟೆಲಿನ ಹಿಂದಿನ ಒಲೆಯ ಮುಂದೆ ಚಿಕ್ಕಬೋರಮ್ಮ ಕುದಿಯುವ ಬೆಲ್ಲದ ಪಾಕದಿಂದ ಒಂದು ತೊಟ್ಟು ತೆಗೆದು ತಣ್ಣೀರಿಗೆ ಬಿಡುತ್ತಾರೆ. ಗಟ್ಟಿಯಾದ ಆ ಉಂಡೆಯನ್ನು ತಟ್ಟೆಗೆ ಎಸೆದರೆ ಟಣ್ ಎನ್ನಬೇಕು. ಎಂದ ಕೂಡಲೇ ಹುರಿದ ಕಡಲೆಬೀಜ ಸುರಿಯುತ್ತಾರೆ.

ಅರವತ್ತೊಂದರ ಈ ಹೆಂಗಸು ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಹದಿನಾಲ್ಕು ಕೆ.ಜಿ. ಕಡಲೆ ಮಿಠಾಯಿ ಮಾಡುತ್ತಿದ್ದಾರೆ. ಮುಂಗೈ ತುಂಬ ಸುಟ್ಟ ಕಲೆಗಳು. ಬಸ್ಸು ನಿಲ್ಲಿಸಿ ತಿಂದು ಹೊಗಳುವವರಿಗೆ ಇವರ ಹೆಸರೇ ಗೊತ್ತಿಲ್ಲ. ಅದು ಅನ್ಯಾಯವೇ ಸರಿ.

ಕಳೆದ ಮಳೆಗಾಲದಲ್ಲಿ ಮಿಠಾಯಿ ನೀರೊಡೆದು ಅಂಟಂಟಾಯಿತು. ಮಾಲೀಕ ತಿಮ್ಮರಾಜು ಒಂದು ಕ್ಯಾನು ತಂದಿಟ್ಟರು: ಮುಸುಕಿನ ಜೋಳದಿಂದ ತೆಗೆದ ಸಿಹಿ ಪಾಕ. ಚಿಕ್ಕಬೋರಮ್ಮ ಮೂಸಿ ನೋಡಿದರು. ವಾಸನೆಯೇ ಇಲ್ಲ. ಆದರೂ ತವರಿನ ಹೊಲದಲ್ಲಿ ಜೋಳದ ಗರಿ ಗಾಳಿಗೆ ಸರಸರ ಎಂದಂತಾಯಿತು.

“ನನ್ ತಮ್ಮ ದೇವಲಾಪುರ್ದಲ್ಲಿ ಬೆಳ್ದು ಲಾರಿಗಾಕಿದ್ದೇ ಇಂಗೆ ಬಂದದೋ ಏನೋ. ಅದ್ರ ಮ್ಯಾಲೆ ನಂಗ್ಯಾಕೆ ಮುನಿಸು?”

ಬೆರೆಸಿದರು. ಮಿಠಾಯಿ ಕನ್ನಡಿಯಂತೆ ಹೊಳೆಯಿತು, ಮಳೆಗೂ ಜಗ್ಗಲಿಲ್ಲ.

ಜಗಳ ಹತ್ತಿದ್ದು ಚೀಟಿಗೆ. ಪೊಟ್ಟಣದ ಮೇಲೆ ‘ಬರೀ ಬೆಲ್ಲದ್ದು’ ಎಂದೇ ಇತ್ತು. “ಚೀಟಿನಾದ್ರೂ ಬದ್ಲಾಯ್ಸು, ಇಲ್ಲ ನನ್ನಾದ್ರೂ ಬುಟ್ಬುಡು ಕಣಪ್ಪ” ಎಂದು ಸೌಟು ಕೆಳಗಿಟ್ಟು ನಡೆದರು. ಮನೆ ನಡೆಯುವುದೇ ಈ ಕೆಲಸದಿಂದ. ಆದರೂ ಮೂರು ದಿನ ಹೋಟೆಲಿನತ್ತ ಸುಳಿಯಲಿಲ್ಲ. ನಾಲ್ಕನೇ ದಿನ ತಿಮ್ಮರಾಜು ಮನೆ ಬಾಗಿಲಿಗೇ ಬಂದರು.

“ಬಾಕ್ಕ, ಬ್ಯಾರೆಯೋರ ಕೈಲಿ ಪಾಕ ಹದಕ್ಕೇ ಬತ್ತಾ ಇಲ್ಲ. ಹೊಸ ಚೀಟಿ ಮಾಡ್ಸಿವ್ನಿ.”

ಈಗ ಗಲ್ಲಾದ ಮುಂದೆ ಎರಡು ಡಬ್ಬಿ: ಬೆಲ್ಲದ್ದೊಂದು, ಜೋಳದ ಪಾಕ ಬೆರೆತದ್ದೊಂದು. ಎರಡಕ್ಕೂ ಅದರದರ ಚೀಟಿ. ಗಿರಾಕಿಗಳ ವಾದವೋ ಮುಗಿಯುವುದೇ ಇಲ್ಲ. ಜೋಳದ ಪಾಕ ಮೈಗೆ ಆಗದು ಎಂದು ಒಬ್ಬರು, ಬೆಲ್ಲವೇನು ಅಮೃತವೇ ಎಂದು ಇನ್ನೊಬ್ಬರು. ಚೀಟಿ ಓದಿ ಪೊಟ್ಟಣ ವಾಪಸಿಡುವವರೂ ಉಂಟು. ತಿಮ್ಮರಾಜು ಒಳಗೊಳಗೇ ಗೊಣಗುತ್ತಾರೆ.

“ಎರಡೂ ಸಿಹಿನೇಯ. ಜಾಸ್ತಿ ತಿಂದ್ರೆ ಎರಡೂ ಕೆಡುಕೇಯ” ಎನ್ನುತ್ತಾರೆ ಚಿಕ್ಕಬೋರಮ್ಮ. ವ್ಯಾಪಾರ ಇಳಿದು ಕೆಲಸವೇ ಹೋದರೆ ಎಂದು ಕೇಳಿದರೆ, ಬಿಸಿ ಮಿಠಾಯಿಯ ಮೇಲೆ ಲಟ್ಟಣಿಗೆ ಓಡಿಸುತ್ತಲೇ ನಗುತ್ತಾರೆ.

“ಕೆಲ್ಸ ಓದ್ರೆ ಓಗ್ಲಿ ಬುಡಿ. ಮಕ್ಳು ಮಿಠಾಯಿ ಬಾಯಿಗಾಕೊಂಡೇಟ್ಗೆ ಕಣ್ ಮುಚ್ಕೊತವೆ, ನೋಡಿದ್ದೀರಾ? ಅಂಗೆ ನಂಬಿ ಕಣ್ ಮುಚ್ದೋರ್ಗೆ ಮೋಸ ಮಾಡಕ್ಕಾಯ್ತದಾ?”