ದೊಡ್ಡಮ್ಮನ ನಾಲಿಗೆ, ಅಟ್ಟದ ತೊಲೆ

ದೊಡ್ಡಮ್ಮನ ನಾಲಿಗೆಯ ತುದಿಯಲ್ಲಿ ಎಳ್ಳುಕಾಳಿನಷ್ಟು ಕಪ್ಪು ಮಚ್ಚೆ ಇತ್ತು. ಅಡುಗೆಮನೆಯ ಅಟ್ಟ ಮುರಿದು ಬಿದ್ದದ್ದು ಆ ಮಚ್ಚೆಯಿಂದಲೇ ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಮಚ್ಚೆ ನಾಲಿಗೆಯವರು ಆಡಿದ್ದು ನಡೆದೇ ನಡೆಯುತ್ತದಂತೆ. ನಾನು ಒಪ್ಪುವುದಿಲ್ಲ. ನಾನು ಪಿಯುಸಿಯಲ್ಲಿ ಫೇಲಾಗುತ್ತೇನೆ ಎಂದಿದ್ದಳು, ಆಗಲಿಲ್ಲ. ಪಕ್ಕದ ಮನೆಯ ಹಸು ಹೆಣ್ಣುಗರು ಹಾಕುತ್ತದೆ ಎಂದಿದ್ದಳು, ಹೋರಿಗರು ಹುಟ್ಟಿತು. ಇವತ್ತು ಮಳೆ ಬರಲ್ಲ ಎಂಬ ಅವಳ ಮಾತು ನಂಬಿ ಹಪ್ಪಳ ಒಣಹಾಕಿದವರು ಓಡೋಡಿ ಬಂದು ಬಾಚಿಕೊಂಡದ್ದೂ ಉಂಟು. ಇವನ್ನೆಲ್ಲ ಬಿಟ್ಟು ಅಟ್ಟವೊಂದನ್ನೇ ಸಾಕ್ಷಿಗೆ ತಂದರೆ ಅದು ಯಾವ ಡಿಬೇಟಿನಲ್ಲೂ ನಿಲ್ಲುವ ವಾದವಲ್ಲ.

ಅವಳು ನಮ್ಮಪ್ಪನ ಅಣ್ಣನ ಹೆಂಡತಿ. ಗುಬ್ಬಿ ಪಕ್ಕದ ಊರಿನಲ್ಲಿ ಹೆಂಚಿನ ಮನೆ. ತುಮಕೂರಿನ ಶೆಟ್ಟಿಹಳ್ಳಿಯಿಂದ ನಾನು ರಜಕ್ಕೆ ಹೋದರೆ ಹೊಸ್ತಿಲಲ್ಲೇ ಕೇಳುತ್ತಿದ್ದಳು: "ಏನ್ ಲಾಯರಮ್ಮ, ಇವತ್ತೇನ್ ಕೇಸು?" ಮಾತಿಗೆ ಮಾತು ಕೊಡುವುದನ್ನು ನನಗೆ ಕಲಿಸಿದವಳು ಅವಳೇ. ಕಾಲೇಜಿನ ಡಿಬೇಟ್ ಬಂದದ್ದು ಆಮೇಲೆ.

ಅಡುಗೆಮನೆಯ ಅಟ್ಟದ ತುಂಬ ಸಿಪ್ಪೆ ಸುಲಿಯದ ತೆಂಗಿನಕಾಯಿ. ಕೆಳಗಿನ ಒಲೆಯ ಹೊಗೆ ಕುಡಿಯುತ್ತಾ ವರ್ಷದ ಹೊತ್ತಿಗೆ ಒಳಗೊಳಗೇ ಕೊಬ್ಬರಿಯಾಗುತ್ತಿದ್ದವು. ನನ್ನನ್ನು ಏಣಿ ಹತ್ತಿಸಿ ಒಂದು ಕಾಯಿ ಇಳಿಸಿಕೊಂಡು ನನ್ನ ಕಿವಿಯ ಬಳಿ ಅಲ್ಲಾಡಿಸುತ್ತಿದ್ದಳು. "ಗುಳುಗುಳು ಅಂದ್ರೆ ಇನ್ನೂ ನೀರು. ಗೊಡಗೊಡ ಅಂದ್ರೆ ಕೊಬ್ಬರಿ. ನೀರಿದ್ದಾಗ ಭಾರ, ಒಣಗ್ದಂಗೆಲ್ಲ ಹಗುರ. ಅಟ್ಟಕ್ಕೂ ಉಸಿರು ಬುಡಕ್ಕೆ ಟೈಮ್ ಬೇಕಲ್ವೇನೇ?" ಹೊಗೆ, ನಾರು, ಎಣ್ಣೆಜಿಡ್ಡು ಬೆರೆತ ಆ ವಾಸನೆ, ಗುಬ್ಬಿ ಬಸ್ಸು ಹತ್ತಿದರೆ ಈಗಲೂ ಮೂಗಿಗೆ ಬಂದಂತಾಗುತ್ತದೆ.

ಹಳೆಯ ಕಾಯಿ ಇಳಿಸದೆ ಹೊಸದನ್ನು ಏರಿಸಬಾರದು ಎಂಬುದು ಮನೆಯ ಪದ್ಧತಿ. ಅದನ್ನು ಮುರಿದವರು ಅದೇ ಮನೆಯಲ್ಲಿದ್ದ ನಮ್ಮ ಚಿಕ್ಕಪ್ಪ. ಆ ವರ್ಷ ಕೊಬ್ಬರಿ ರೇಟು ಬಿದ್ದಿತ್ತು. ಏರಲಿ ಎಂದು ಹಳೆಯದನ್ನು ಅಟ್ಟದಲ್ಲೇ ಬಿಟ್ಟು, ಅದರ ಮೇಲೆ ಹೊಸ ಕಾಯಿಯನ್ನೂ ಪೇರಿಸಿದರು. ಹೆಂಚಿನ ಸೂರು ಹೊತ್ತ ಕಂಬ ನಿಂತದ್ದೂ ಅಟ್ಟವನ್ನು ಹೊತ್ತ ತೊಲೆಯ ಮೇಲೆಯೇ. ತೊಲೆ ಗೋಡೆಗೆ ಕೂತ ಕಡೆಯಿಂದ, ತೊಳೆದಿಟ್ಟ ಪಾತ್ರೆಗಳ ಮೇಲೆ ಮಣ್ಣು ಉದುರತೊಡಗಿತು.

"ಈ ತೊಲೆ ತಡ್ಯಲ್ಲ ಕಣಪ್ಪ, ಬೀಳುತ್ತೆ. ಹಳೇದ್ ಇಳಿಸ್ಬುಡು," ಎಂದಳು ದೊಡ್ಡಮ್ಮ.

"ಬುಡಿ ಅತ್ತಿಗೆ! ನಮ್ ತಾತನ ಕಾಲದ ತೊಲೆ. ಆನೆ ನಿಂತ್ರೂ ಅಲ್ಲಾಡಲ್ಲ."

"ಆನೆ ನಿಂತು ಇಳಿದೋಗುತ್ತೆ. ಕಾಯಿ ಕೂತೇ ಇರ್ತವೆ, ಹಗ್ಲೂ ರಾತ್ರಿ."

ಚಿಕ್ಕಪ್ಪ ನಕ್ಕರು. ಅವಳು ಮರುದಿನವೇ ಅಡುಗೆಯನ್ನು ಹಿತ್ತಿಲಿಗೆ ಸಾಗಿಸಿ, ಅಲ್ಲಿಯವರೆಗೆ ಅಡುಗೆಮನೆಯಲ್ಲೇ ಹಾಕುತ್ತಿದ್ದ ಊಟದ ತಟ್ಟೆಗಳನ್ನು ಹಜಾರಕ್ಕೆ ತಂದಳು. "ಅತ್ತಿಗೇದು ದಿನಾ ಪಿಕ್ನಿಕ್ಕು," ಎಂದು ಚಿಕ್ಕಪ್ಪ ಛೇಡಿಸುತ್ತಿದ್ದರು. ಒಂದು ಮಧ್ಯಾಹ್ನ ಅವರು ಹಜಾರದಲ್ಲಿ ಮುದ್ದೆ ಮುರಿಯುತ್ತಿದ್ದರು, ನಾನೂ ಪಕ್ಕದಲ್ಲೇ ಕೂತಿದ್ದೆ. ಒಳಗೆ ತೊಲೆ ಲಟಾರನೆ ಮುರಿಯಿತು. ಕಾಯಿ, ಹೆಂಚು, ಕಂಬ ಎಲ್ಲವೂ ಖಾಲಿ ಅಡುಗೆಮನೆಯೊಳಕ್ಕೆ ಸುರಿದವು. ಧೂಳು ಇಳಿಯುವ ಮೊದಲೇ ಚಿಕ್ಕಪ್ಪ ಅಂದರು: "ಅತ್ತಿಗೆ ಬಾಯಲ್ಲಿ ಬಂತಲ್ಲ, ಇನ್ನೇನಾಗುತ್ತೆ!"

ಆ ಮಾತು ಊರಿಗೆಲ್ಲ ಹಬ್ಬಿತು. ಹೆಣ್ಣು ನೋಡಲು ಹೊರಟವರು ಅವಳ ಎದುರು ಬಾಯಿ ಬಿಡುತ್ತಿರಲಿಲ್ಲ. ಮೊದಮೊದಲು ಅವಳೂ ನಕ್ಕಳು. ಬರಬರುತ್ತಾ ಮಾತಿನ ನಡುವೆಯೇ ಸೆರಗು ಬಾಯಿಗೆ ಹೋಗುತ್ತಿತ್ತು: "ಬೇಡ ಬುಡು, ನಾನೇನೂ ಅನ್ನಲಿಲ್ಲ."

ಹೋದ ವರ್ಷ ಒಂದು ದಿನ ಎದೆ ನೀವಿಕೊಳ್ಳುತ್ತಾ ಕೂತಿದ್ದಳು. ಏನಾಯ್ತು ಎಂದು ಕೇಳಿದೆ.

"ಕೇಳ್ಬೇಡ ಕಣೇ. ನನ್ ಬಾಯಲ್ಲಿ ಬಂದ್ರೆ ಆಗೋಗುತ್ತಂತಲ್ಲ!"

ನಾನು ವಾದಕ್ಕಿಳಿದೆ. ಹಸುವಿನ ಕರು, ಹಪ್ಪಳ, ನನ್ನ ಪಿಯುಸಿ ಎಲ್ಲವನ್ನೂ ಮುಂದಿಟ್ಟೆ. "ಗೆದ್ದೆ ಬುಡು, ಲಾಯರಮ್ಮ," ಎಂದು ನಕ್ಕು ಎದ್ದುಹೋದಳು. ಅವಳು ನನಗೆ ವಾದ ಬಿಟ್ಟುಕೊಟ್ಟದ್ದು ಅದೊಂದೇ ಸಲ. ಆ ವಾರವೇ ಕುಸಿದಳು. ತುಮಕೂರಿನ ಆಸ್ಪತ್ರೆಗೆ ಕರೆತರುವಷ್ಟರಲ್ಲಿ ತಡವಾಗಿತ್ತು.

ಆ ಅಡುಗೆಮನೆಗೆ ಈಗ ಆರ್‌ಸಿಸಿ ಸೂರು, ಅಟ್ಟವಿಲ್ಲ. ತಿಥಿಯ ದಿನ ಅದರ ಮುಂದೆ ಕೂತು ಚಿಕ್ಕಪ್ಪ ಕುಣಿಗಲ್ ಕಡೆಯ ನೆಂಟರಿಗೆ ಅದೇ ಕಥೆ ಹೇಳುತ್ತಿದ್ದರು: "ನಮ್ಮತ್ತಿಗೆ ಬೀಳುತ್ತೆ ಅಂದಿದ್ದೇ ತಡ, ಬಿತ್ತು ನೋಡಿ!" ನೆಂಟರು ತಲೆದೂಗಿದರು. ನಾನು ಹೋಗಿ ಚಿಕ್ಕಪ್ಪನ ಎದುರು ನಿಂತೆ.

"ಚಿಕ್ಕಪ್ಪ, ಅವತ್ತು ನಿಮ್ಮ ತಟ್ಟೆ ಹಜಾರದಲ್ಲಿತ್ತಲ್ಲ, ಅದನ್ನ ಅಲ್ಲಿಗೆ ತಂದಿಟ್ಟೋರು ಯಾರು?"