ಹಣ್ಣಿನ ಹೂರಣದ ಅತ್ತೆ

"ನಾಳೆ ಅತ್ತೆ ಬರ್ತಾಳೆ. ಬಂದವಳೇ ಮೊದಲು ಅಡುಗೆಮನೆ ಮೂಸ್ತಾಳೆ, ಆಮೇಲೆ ನಿನ್ನ. ಬೇಜಾರು ಮಾಡ್ಕೋಬೇಡ" ಎಂದು ಗಂಡ ಹೇಳಿದಾಗ ಅವಳು ಆ ಮನೆಗೆ ಸೊಸೆಯಾಗಿ ಬಂದು ವಾರವೂ ಆಗಿರಲಿಲ್ಲ.

ಅತ್ತೆಯೆಂದರೆ ಅವನ ತಂದೆಯ ತಂಗಿ. ಗಂಡ ತೀರಿಕೊಂಡ ಮೇಲೆ ಹಿಂದಿನ ಬೀದಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಕ್ರಿಸ್ಮಸ್ ಹತ್ತಿರವಾದಾಗ ಬೇಕರಿಯವನು ಹಿಟ್ಟಿನ ಹಾಳೆಯಲ್ಲಿ ತುಂಬಿ ಸುಡುವ ಪೈಗಳಿಗೆ ಹಣ್ಣಿನ ಹೂರಣ ಮಾಡಿಕೊಡುವುದು ಅವಳ ಕಸುಬು. ಜೀವನಕ್ಕೂ ಅದೇ, ಜಂಬಕ್ಕೂ ಅದೇ.

ಅತ್ತೆಗೆ ಕೂತಲ್ಲಿ ಕೂರಲಾಗದು. ಕಿತ್ತಳೆ ಸಿಪ್ಪೆ ಹೆಚ್ಚುತ್ತಿದ್ದವಳು ಎದ್ದು ಕಿಟಕಿಗೆ ಹೋಗುವಳು, ಬಂದು ಒಣದ್ರಾಕ್ಷಿಯ ತೊಟ್ಟು ಕೀಳುವಳು, ಅದನ್ನು ಅರ್ಧಕ್ಕೆ ಬಿಟ್ಟು ಸೇಬು ತುರಿಯುವಳು. ಜೊತೆಗೆ ಕೈಹಾಕಿದ ಸೊಸೆ ಹೆಚ್ಚಿದ್ದನ್ನು ಕಂಡರೆ, "ಇದೇನೇ, ದನಕ್ಕೆ ಹಾಕೋಕೆ ಹೆಚ್ಚಿದೀಯಾ?" ಎನ್ನುವಳು. ರುಚಿ ನೋಡುವವಳೇ ಅಲ್ಲ. ಬೆಣ್ಣೆ, ಸಕ್ಕರೆ, ಬ್ರಾಂದಿ ಎಲ್ಲ ಬಿದ್ದ ಮೇಲೆ ಜಾಡಿಯ ಮೇಲೆ ಬಗ್ಗಿ ಒಂದು ಸಲ ಉಸಿರೆಳೆದರೆ ಸಾಕು, "ಲವಂಗ ಜೋರಾಯ್ತು, ಜಾಯಿಕಾಯಿ ಹಳೇದು" ಎಂದು ತೀರ್ಪು ಬೀಳುತ್ತಿತ್ತು.

ಒಂದು ವರ್ಷ ಅತ್ತೆ ಕೆಟ್ಟ ಜ್ವರದಲ್ಲಿ ಮಲಗಿ ಎದ್ದಳು. ಆ ಸಲ ಜಾಡಿ ತುಂಬಿದ ಮೇಲೂ ಅವಳಿಗೆ ನೆಮ್ಮದಿಯಿಲ್ಲ. ಮುಚ್ಚಳ ತೆಗೆಯುವಳು, ಮೂಸುವಳು, ಸೌಟಾಡಿಸುವಳು, ಮುಚ್ಚುವಳು. ಬಾಗಿಲವರೆಗೆ ಹೋಗಿ ಮತ್ತೆ ಬರುವಳು.

"ಅತ್ತೆ, ಅದನ್ನ ಸ್ವಲ್ಪ ದಿನ ಮಲಗೋಕೆ ಬಿಡಿ, ಹದ ಬರಲಿ."

"ನಿನ್ನ ಬಾಯಿಗೂ ಒಂದು ಮುಚ್ಚಳ ಬೇಕು."

ಬೇಕರಿಯವನು ಬಂದ ದಿನ ಸೊಸೆ ಜಾಡಿ ಎತ್ತಿಕೊಡಲು ಬಗ್ಗಿದಳು. ಗಪ್ಪೆಂದು ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅತ್ತೆ ಅದೇ ಜಾಡಿಯ ಮೇಲೆ ಬಗ್ಗಿ ಉಸಿರೆಳೆದು, "ಘಮಘಮ ಅಂತಿದೆ, ತಗೊಂಡು ಹೋಗಪ್ಪ" ಎಂದಳು.

ಸೊಸೆ ಜಾಡಿಯ ಮುಚ್ಚಳ ಒತ್ತಿ ಹಿಡಿದಳು. ಈ ಹೂರಣ ಬೇಕರಿಗೆ ಹೋದರೆ ಅತ್ತೆಯ ಕಸುಬು ಮುಗಿದಂತೆ. ಅವನೆದುರು ಬಾಯಿಬಿಟ್ಟರೂ ಮುಗಿದಂತೆ.

"ಇನ್ನೂ ಹದ ಬಂದಿಲ್ಲ ಅಣ್ಣ. ಮುಂದಿನ ವಾರ ಬನ್ನಿ."

"ದೊಡ್ಡಮ್ಮ ಆಯ್ತು ಅಂತಿದಾರಲ್ಲ?"

"ಅವರಿಗೆ ನಿಮ್ಮನ್ನ ಸಾಗಹಾಕೋ ಆತುರ."

ಅವನು ನಗುತ್ತ ಹೋದ. ಅತ್ತೆ ಕೆಂಡವಾದಳು. "ನನ್ನ ಹೂರಣದ ಹದ ಹೇಳೋಕೆ ನೀನ್ಯಾರೇ?"

"ಹುಳಿ ಬಂದಿದೆ ಅತ್ತೆ."

ಅತ್ತೆ ಮತ್ತೆ ಮೂಸಿದಳು. ಇನ್ನೊಮ್ಮೆ ಮೂಸಿದಳು. ಕೊನೆಗೆ ಬೆರಳದ್ದಿ ನಾಲಿಗೆಗಿಟ್ಟು ಮುಖ ಕಿವುಚಿದಳು. ಆ ಮೂಲೆಯಿಂದ ಈ ಮೂಲೆಗೆ ನಡೆದಾಡಿದಳು.

"ಜ್ವರ ಬಿಟ್ಟಾಗಿಂದ ಮೂಗಿಗೆ ಯಾವ ವಾಸನೆನೂ ಬರ್ತಿಲ್ಲ ಕಣೇ. ಸೀಮೆಎಣ್ಣೆ ಇಲ್ಲ, ಸೀದ ಹಾಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಅಂತ ತೆಗೆದು ತೆಗೆದು ನೋಡ್ತಿದ್ದೆ."

ಹಾಗೆ ತೆಗೆದು ತೆಗೆದು ಒದ್ದೆ ಸೌಟಾಡಿಸಿದ್ದರಿಂದಲೇ ಅದು ಕೆಟ್ಟಿದ್ದು. ಸೊಸೆ ಅದನ್ನು ಹೇಳಲಿಲ್ಲ. ಜಾಡಿ ಬರಿದು ಮಾಡಿ ಕುದಿನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿದಳು. ಆ ವಾರ ಇಬ್ಬರೂ ಸೇರಿ ಸೇಬಿನ ನೀರು ಇಂಗುವವರೆಗೆ ಒಲೆಯ ಮೇಲಿಟ್ಟು ಹೊಸ ಹೂರಣ ಮಾಡಿದರು. ಅಂದಿನಿಂದ ಮೂಗು ಸೊಸೆಯದು, ಬೈಗುಳ ಅತ್ತೆಯದು. ಬೇಕರಿಯವನಿಗೆ ಸುಳಿವೇ ಹತ್ತಲಿಲ್ಲ.

ಎಷ್ಟೋ ವರ್ಷ ಹಾಗೇ ನಡೆಯಿತು. ಆಮೇಲೆ ಅತ್ತೆ ಹಾಸಿಗೆ ಹಿಡಿದಳು. ಮಲಗಿದಲ್ಲೂ ಕಾಲು ಸುಮ್ಮನಿಲ್ಲ. ಹೊದಿಕೆ ಒದೆಯುವಳು, ಎಳೆದುಕೊಳ್ಳುವಳು, ಗೋಡೆಯ ಕಡೆ ತಿರುಗುವಳು, ಬಾಗಿಲ ಕಡೆ ತಿರುಗುವಳು. ಆ ಕ್ರಿಸ್ಮಸ್ಸಿಗೆ ಸೊಸೆ ಹೂರಣ ಕಲಸಿದ ಪಾತ್ರೆಯನ್ನು ಅವಳ ತಲೆದಿಂಬಿನ ಹತ್ತಿರವೇ ತಂದಿಟ್ಟು ಬಗ್ಗಿ ಉಸಿರೆಳೆದಳು.

"ಚೆನ್ನಾಗಿದೆ ಅತ್ತೆ."

"ಚೆನ್ನಾಗಿದೆ ಅನ್ನೋದನ್ನ ಬೇಕರಿಯವನಿಗೆ ಹೇಳು." ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡಳು. "ನಂಗೆ ಸರಿಯಾಗಿ ಹೇಳು. ಮೊದಲು ಯಾವುದು ಬರ್ತಿದೆ, ಕಿತ್ತಳೆನೋ ಚಕ್ಕೆನೋ? ಅದರ ಹಿಂದೆ ಯಾವುದು? ನಿಧಾನಕ್ಕೆ, ಒಂದೊಂದಾಗಿ ಹೇಳು."