ಕೆಂಪು ಗೆರೆಯಿಲ್ಲದ ಪ್ರೂಫು

ಒಂದು ಮಂಗಳವಾರ ನನ್ನ ಲೇಖನದ ಪ್ರೂಫು ಒಂದೂ ಕೆಂಪು ಗೆರೆಯಿಲ್ಲದೆ ಪ್ರೆಸ್ಸಿನಿಂದ ವಾಪಸು ಬಂತು. ಕೆಳಗೆ ಮುದ್ದಾದ ಅಕ್ಷರದಲ್ಲಿ ‘ನೋಡಿದೆ’ ಎಂದಿತ್ತು. ಪ್ರೆಸ್ಸಿನಲ್ಲಿ ಕರಡು ತಿದ್ದುವ ಪ್ರೂಫಮ್ಮ ನನ್ನ ಪುಟಗಳಿಗೆ ದಡಾರ ಎಬ್ಬಿಸದೆ ಕಳಿಸಿದ್ದು ಹನ್ನೊಂದು ವರ್ಷಗಳಲ್ಲಿ ಅದೇ ಮೊದಲು. ಅಂತೂ ಬರೆಯುವುದನ್ನು ಕಲಿತೆ ಎಂದು ಬೀಗುತ್ತಾ ಹೆಂಡತಿಗೆ ತೋರಿಸಿದೆ. ಅವಳು ಹಾಳೆಯನ್ನು ತಿರುಗಿಸಿ ನೋಡಿ, “ಪಾಪ, ಅವರಿಗೆ ಮೈ ಹುಷಾರಿಲ್ವೇನೋ” ಎಂದಳು. ಎರಡು ದಿನ ಅವಳ ಹತ್ತಿರ ಮಾತು ಬಿಟ್ಟೆ.

ಅವಳು ಹೇಳಿದ್ದೇ ನಿಜವಾಗಿತ್ತು.

ಪ್ರೂಫಮ್ಮನಿಗೆ ಅರವತ್ತೊಂಬತ್ತು. ತಂಗಿಯ ಮನೆಯ ಒಂದು ಕೋಣೆಯಲ್ಲಿ ವಾಸ, ಬದುಕೆಲ್ಲ ಪ್ರೆಸ್ಸಿನಲ್ಲಿ. ಕಾಗದ ಕತ್ತರಿಸುವ ಮೆಷಿನ್ನಿನ ಪಕ್ಕದ ಕಿಟಕಿಯಲ್ಲಿ ಕೂತು ಮೂವತ್ತನಾಲ್ಕು ವರ್ಷ ಊರವರ ತಪ್ಪನ್ನೆಲ್ಲ ತಿದ್ದಿದವರು. ನನ್ನ ಪ್ರೂಫು ಬಂದ ಹಿಂದಿನ ದಿನ, ಸೋಮವಾರ, ಚಹಾ ಕುಡಿದು ಲೋಟ ಇಡಹೋದಾಗ ಬಲಗಡೆ ಮೇಜಿನ ಅಂಚೇ ಕಾಣದೆ ಅದು ಕೆಳಗೆ ಬಿತ್ತು. ತಲೆಯೆತ್ತಿ ನೋಡಿದರೆ ಎದುರಿನ ಪುಟ ಯಾವುದೋ ಪರದೇಶದ ಲಿಪಿಯಂತಿತ್ತು. ಕೈಕಾಲು ಆಡುತ್ತಿದ್ದವು, ಬಾಯಿ ನೆಟ್ಟಗಿತ್ತು, ಮಾತೂ ಎಂದಿನಷ್ಟೇ ಖಾರವಾಗಿತ್ತು. ಸಂಜೆ ತಂಗಿ ಕನ್ನಡಕದ ಅಂಗಡಿಗೆ ಕರೆದೊಯ್ದಳು. ಅಂಗಡಿಯವನು ಅಕ್ಕರೆಯಿಂದ ಹೊಸ ಕನ್ನಡಕ ಮಾರಿದ.

ಓದಲಾಗುತ್ತಿಲ್ಲ ಎಂದು ಬಾಯಿಬಿಟ್ಟರೆ ಪ್ರೆಸ್ಸಿನ ಮಾಲೀಕರು ಇನ್ನು ಮನೆಯಲ್ಲಿರಿ ಎನ್ನುತ್ತಾರೆ. ಆಮೇಲೆ ದಿನವಿಡೀ ತಂಗಿಯ ಟಿವಿಯ ಮುಂದೆ. ಹಾಗಾಗಿ ಪ್ರೂಫಮ್ಮ ಬಂದ ಪುಟಕ್ಕೆಲ್ಲ ‘ನೋಡಿದೆ’ ಎಂದು ಬರೆದು ಕಳಿಸಿದರು. ಬರೆಯುವ ಕೈಗೆ ಏನೂ ಆಗಿರಲಿಲ್ಲ.

ನಾಲ್ಕನೆಯ ದಿನ ಪ್ರೆಸ್ಸಿನಲ್ಲಿ ಪುಟ ಜೋಡಿಸುವಾತ ಅವರೇ ಬರೆದುಕೊಟ್ಟ ಚೀಟಿ ಹಿಡಿದು ಬಂದ. ಕನ್ನಡಕ ಮನೆಯಲ್ಲಿ ಮರೆತಿದ್ದೇನೆ, ಇದನ್ನು ಓದಿ ಹೇಳಿ ಎಂದ. ಪ್ರೂಫಮ್ಮ ಚೀಟಿಯನ್ನು ಬಹಳ ಹೊತ್ತು ನೋಡಿದರು.

“ಇದನ್ನ ಬರೆದಿದ್ದು ಯಾರು?”

“ನೀವೇ ಅಲ್ವೇನಮ್ಮಾ, ಈಗ ಅರ್ಧ ಗಂಟೆ ಹಿಂದೆ?” ಎಂದು ಅವನು ನಕ್ಕ.

ಅವರು ನಗಲಿಲ್ಲ. “ನಂಗೆ ಓದೋಕಾಗ್ತಿಲ್ಲ ಕಣಪ್ಪಾ” ಎಂದರು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮಿದುಳಿನ ಹಿಂಭಾಗದ ರಕ್ತನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿದೆ, ಇದು ಸ್ಟ್ರೋಕ್ ಎಂದರು. ಬಾಯಿ ಸೊಟ್ಟಗಾಗದೆ ಅದೆಂಥ ಸ್ಟ್ರೋಕ್ ಎಂದು ಮಾಲೀಕರು ಡಾಕ್ಟರಿಗೇ ಪಾಠ ಹೇಳಹೊರಟರು. ಡಾಕ್ಟರು ತಾಳ್ಮೆಯವರು. ವಯಸ್ಸಾದವರಲ್ಲಿ ಹೀಗೂ ಬರುತ್ತದೆ, ಕೈಕಾಲು ಬೀಳಲೇಬೇಕೆಂದಿಲ್ಲ. ಇವರಿಗೆ ಬಲಗಡೆಯ ನೋಟ ಹೋಗಿದೆ, ಕಂಡ ಅಕ್ಷರವನ್ನು ಗುರುತಿಸುವ ದಾರಿ ಮುಚ್ಚಿದೆ, ಬರೆಯುವ ದಾರಿ ಉಳಿದಿದೆ ಎಂದು ವಿವರಿಸಿದರು. ಲೋಟ ಬಿದ್ದ ಗಳಿಗೆಯಲ್ಲೇ ಬಂದಿದ್ದರೆ ಹೆಪ್ಪು ಕರಗಿಸುವ ಔಷಧಿ ಕೊಡಬಹುದಿತ್ತೇನೋ, ಈಗ ಆ ಹೊತ್ತು ಮೀರಿದೆ ಎಂದೂ ಹೇಳಿದರು. ತಂಗಿ ಹೊಸ ಕನ್ನಡಕವನ್ನು ಬ್ಯಾಗಿನೊಳಗೆ ಹಾಕಿಕೊಂಡಳು.

ಮೂರು ತಿಂಗಳ ಮೇಲೆ ನೋಡಲು ಹೋದೆ. ಪ್ರೂಫಮ್ಮ ಪತ್ರಿಕೆಯ ತಲೆಬರಹದ ಮೇಲೆ ಬೆರಳಾಡಿಸುತ್ತಾ ಕೂತಿದ್ದರು. ಕಣ್ಣು ಮರೆತ ಅಕ್ಷರವನ್ನು ಬೆರಳು ತೀಡಿದರೆ ಗುರುತು ಸಿಗುತ್ತದಂತೆ. ಒಂದು ಪುಟವನ್ನು ಒಂದು ಗಂಟೆಯೊಳಗೆ ಮುಗಿಸುವಂತಾದ ದಿನ ಬನ್ನಿ, ಕುರ್ಚಿ ಹಾಗೇ ಇರುತ್ತದೆ ಎಂದು ಮಾಲೀಕರು ಹೇಳಿಕಳಿಸಿದ್ದರು. ಈಗ ಒಂದು ಪುಟಕ್ಕೆ ಇಡೀ ಬೆಳಗು ಹಿಡಿಯುತ್ತಿತ್ತು. ಇದನ್ನೆಲ್ಲ ಅವರು ಬಸ್ಸಿನ ವೇಳೆ ಹೇಳುವಷ್ಟೇ ತಣ್ಣಗೆ ಹೇಳಿದರು.

ಮಾತು ತೋಚದಾಗ ನಾನು ನನ್ನ ವಿಷಯಕ್ಕೇ ಬರುವವನು. ಯಾವುದನ್ನು ಓದಲಾಗುತ್ತಿಲ್ಲ ಅಂತ ಹೆಚ್ಚು ಬೇಜಾರು, ನನ್ನ ಲೇಖನಗಳನ್ನಾ ಎಂದು ಕೇಳಿಬಿಟ್ಟೆ.

ಪ್ರೂಫಮ್ಮ ಬೆರಳನ್ನು ಅಕ್ಷರದ ಮೇಲಿಂದ ಎತ್ತಲಿಲ್ಲ.

“ನಿಮ್ಮ ಲೇಖನ ನಾನು ಯಾವತ್ತೂ ಓದೇ ಇಲ್ಲ ಕಣ್ರೀ. ತಪ್ಪು ಹಿಡಿಯೋಕೆ, ಅರ್ಥ ಅಡ್ಡ ಬರಬಾರದು ಅಂತ, ಕೊನೇ ಪದದಿಂದ ಹಿಂದಕ್ಕೆ ನೋಡ್ಕೊಂಡು ಬರ್ತಿದ್ದೆ, ಅಷ್ಟೇ. ನಂಗೆ ಬೇಕಾಗಿರೋದು ಕೆಲಸ.”